ಊಟದ ಕಾಲು



ಬಲಗೈಗೆ ನಮ್ಮ ಕಡೆ ಊಟದ ಕೈ ಅಂತಾರೆ, ನಿಮಗೆಲ್ಲ ಗೊತ್ತು. ಊಟದ ಕಾಲು ಅಂತ ಎಲ್ಲಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ಕಳೆದ ವರ್ಷ ಮೇ ತಿಂಗಳ ಹಾಫ್ ಟರ್ಮ್ ರಜೆಯಲ್ಲಿ, ಲೇಕ್ ಡಿಸ್ಟ್ರಿಕ್ಟ್‌ನ ಒಂದು ಬಂಡೆಗೆ ಅಂಟಿಕೊಂಡು, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ ನಿಂತಿದ್ದಾಗ ಮೊದಲ ಸಲ ಕೇಳಿದೆ. ಆ ದಿನದ ಕಥೆ ಹೇಳುತ್ತೇನೆ. ನೀವೂ ಹೋಗುವುದಾದರೆ ಏನೇನು ತಿಳಿದಿರಬೇಕು ಅಂತ ಕೊನೆಯಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಬೆಟ್ಟದ ಬುಡದಲ್ಲೇ ಬೆಳೆದವಳು. ತುಮಕೂರು ಜಿಲ್ಲೆಯ ಮಧುಗಿರಿ ನಮ್ಮೂರು. ಮನೆಯ ಬಾಗಿಲು ತೆಗೆದರೆ ಎದುರಿಗೆ ಆ ಏಕಶಿಲಾ ಬೆಟ್ಟ, ಅದರ ಮೈಮೇಲೆ ಕೋಟೆಯ ಗೋಡೆ. ನನ್ನ ಅಣ್ಣಂದಿರು ಬೇಸಿಗೆ ರಜೆ ಬಂತೆಂದರೆ ಹತ್ತಿ ಇಳಿಯುತ್ತಿದ್ದರು. ನಾನು ಕೇಳಿದಾಗೆಲ್ಲ ಮನೆಯಲ್ಲಿ ಒಂದೇ ಉತ್ತರ: "ಹೆಣ್ಣು ಮಕ್ಕಳಿಗೆ ಯಾಕಮ್ಮ ಅದೆಲ್ಲ, ಜಾರಿ ಬಿದ್ದರೆ?" ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ನಾನು ಕೆಳಗಿನಿಂದ ನೋಡಿದ್ದೇ ಹೊರತು ಮೇಲಕ್ಕೆ ಹೋಗಲಿಲ್ಲ. ಮದುವೆಯಾಗಿ ಮ್ಯಾಂಚೆಸ್ಟರ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಎತ್ತರದ ಭಯ ಮಾತ್ರ ನನ್ನ ಜೊತೆಗೇ ವಿಮಾನ ಹತ್ತಿ ಬಂದಿತ್ತು. ಅದನ್ನು ಮಕ್ಕಳಿಗೆ ಯಾವತ್ತೂ ಹೇಳಿರಲಿಲ್ಲ. ಅಮ್ಮ ಹೆದರುತ್ತಾಳೆ ಅಂತ ಗೊತ್ತಾದರೆ ಅವರೂ ಹೆದರುತ್ತಾರೆ ಅಂತ ನನ್ನ ಲೆಕ್ಕ.

ಇನ್ನೊಂದು ವಿಷಯ. ನಮ್ಮ ಮಗಳಿಗೆ ಹನ್ನೆರಡು ವರ್ಷ. ಆರು ವರ್ಷದಿಂದ ಕನ್ನಡ ಶಾಲೆಗೆ ಬರುತ್ತಿದ್ದಾಳೆ. ಆ ಏಪ್ರಿಲ್‌ನಿಂದ ಪ್ರತಿ ಶನಿವಾರವೂ ಮನೆಯಲ್ಲಿ ಜಗಳ. "ಈ ಟರ್ಮ್ ಆದ್ಮೇಲೆ ನಾನು ಬರಲ್ಲ. ಯಾರ ಹತ್ತಿರ ಮಾತಾಡೋಕೆ ಅಮ್ಮಾ? ನಿಮಗೆಲ್ಲ ಇಂಗ್ಲಿಷ್ ಬರುತ್ತಲ್ಲ?" ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಆ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅಜ್ಜಿ ತಾತನ ಜೊತೆ ಮಾತಾಡಲು ಅನ್ನುತ್ತಿದ್ದೆ. ವಾರಕ್ಕೆ ಹತ್ತು ನಿಮಿಷದ ವಿಡಿಯೋ ಕಾಲ್‌ಗೋಸ್ಕರ ಎರಡು ಗಂಟೆ ಕ್ಲಾಸಾ ಅನ್ನುತ್ತಿದ್ದಳು.

ಈಗ ಬೆಟ್ಟಕ್ಕೆ ಬರೋಣ. ನಾವು ಹೋಗಿದ್ದು ಹೇಸ್ಟ್ಯಾಕ್ಸ್‌ಗೆ. ಬಟರ್‌ಮಿಯರ್ ಸರೋವರದ ತಲೆಯ ಕಡೆ ನಿಂತಿರುವ ಬೆಟ್ಟ, ಎತ್ತರ 597 ಮೀಟರ್. ನಂದಿಬೆಟ್ಟ 1,478 ಮೀಟರ್, ಅದರ ಅರ್ಧವೂ ಇಲ್ಲ ಅಂತ ನೀವು ನಗಬಹುದು. ಆದರೆ ನಂದಿಬೆಟ್ಟದ ತುದಿಗೆ ಕಾರಿನಲ್ಲೇ ಹೋಗಬಹುದು. ಇಲ್ಲಿ ಸುಮಾರು 110 ಮೀಟರ್ ಎತ್ತರದ ಗೇಟ್ಸ್‌ಗಾರ್ತ್ ಫಾರ್ಮಿನಿಂದ ಕಾಲ್ನಡಿಗೆ, ಮೇಲಿನ ಭಾಗದಲ್ಲಿ ಕೈಯನ್ನೂ ಬಂಡೆಗೆ ಊರಬೇಕು. ಹೀಗೆ ಕೈಕಾಲು ಎರಡನ್ನೂ ಬಳಸಿ ಹತ್ತುವುದಕ್ಕೆ ಇಲ್ಲಿನವರು ಸ್ಕ್ರ್ಯಾಂಬ್ಲಿಂಗ್ ಅನ್ನುತ್ತಾರೆ. ಅದರಲ್ಲಿ 1, 2, 3 ಎಂದು ದರ್ಜೆಗಳಿವೆ, 1 ಎಲ್ಲಕ್ಕಿಂತ ಸುಲಭ. ಹೇಸ್ಟ್ಯಾಕ್ಸ್‌ನ ಮಾಮೂಲಿ ದಾರಿ ಆ ಒಂದನೇ ದರ್ಜೆಯಷ್ಟೂ ಕಷ್ಟದ್ದಲ್ಲ. ಹಗ್ಗ ಬೇಡ, ಮಕ್ಕಳೂ ಹತ್ತುತ್ತಾರೆ. ಹಾಗಂತ ನಮ್ಮ ಮನೆಯವರು ನನಗೆ ಹತ್ತು ಸಲ ಹೇಳಿದ್ದರು.

ಇದು ನಮ್ಮ ಎರಡನೇ ಪ್ರಯತ್ನ. ಹಿಂದಿನ ಅಕ್ಟೋಬರ್‌ನಲ್ಲಿ ಅರ್ಧ ದಾರಿಗೆ ಹೋಗಿದ್ದಾಗ ಮೋಡ ಇಳಿದು ಎದುರಿನ ಬಂಡೆಯೇ ಮಾಯವಾಯಿತು. ನಮ್ಮ ಮನೆಯವರು ವಾಪಸ್ ಅಂದರು. ಎಂಟು ವರ್ಷದ ಮಗ ಕಾರು ಸೇರುವವರೆಗೂ ಅತ್ತ. "ಬೆಟ್ಟ ಎಲ್ಲೂ ಹೋಗಲ್ಲ ಪುಟ್ಟ, ಇಲ್ಲೇ ಇರುತ್ತೆ" ಅಂತ ಸಮಾಧಾನ ಮಾಡಿದೆವು. ನಿಜ ಹೇಳಬೇಕೆಂದರೆ ಆ ಮೋಡಕ್ಕೆ ನಾನು ಒಳಗೊಳಗೇ ಕೈ ಮುಗಿದಿದ್ದೆ.

ಈ ಸಲ ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟೆವು. ಡಬ್ಬಿಗಳಲ್ಲಿ ಚಿತ್ರಾನ್ನ, ಚಪಾತಿ, ಚಟ್ನಿಪುಡಿ, ಊರಿಂದ ಬಂದಿದ್ದ ಕೋಡುಬಳೆ. ಕೆಸ್‌ವಿಕ್ ದಾಟಿ ಹಾನಿಸ್ಟರ್ ಕಣಿವೆಯ ರಸ್ತೆಯಲ್ಲಿ ಇಳಿಯುವಾಗಲೇ ನನ್ನ ಕಾಲು ಕಾರಿನ ನೆಲದಲ್ಲಿ ಇಲ್ಲದ ಬ್ರೇಕ್ ಒತ್ತುತ್ತಿತ್ತು. ಗೇಟ್ಸ್‌ಗಾರ್ತ್‌ನಲ್ಲಿ ಕಾರು ನಿಲ್ಲಿಸಿ ತಲೆಯೆತ್ತಿದರೆ, ಎದುರಿನ ಫ್ಲೀಟ್‌ವಿತ್ ಪೈಕ್ ಬೆಟ್ಟದ ಬುಡದ ಬಂಡೆಗಳ ನಡುವೆ ಒಂದು ಬಿಳಿ ಶಿಲುಬೆ. ಮಗಳು ಫೋನಿನಲ್ಲಿ ಹುಡುಕಿ ಓದಿದಳು. 1887ರಲ್ಲಿ ಫ್ಯಾನಿ ಮರ್ಸರ್ ಎಂಬ ಮನೆಕೆಲಸದ ಹುಡುಗಿ ಆ ಬೆಟ್ಟ ಇಳಿಯುವಾಗ ಬಿದ್ದು ತೀರಿಕೊಂಡಳಂತೆ, ಅವಳ ನೆನಪಿಗೆ ಅದನ್ನು ನೆಟ್ಟಿದ್ದಾರೆ. ನನ್ನ ಹೊಟ್ಟೆಯಲ್ಲಿ ಏನೋ ಕದಲಿತು. "ಬನ್ನಿ ಬನ್ನಿ, ಹೊತ್ತಾಯ್ತು" ಅಂತ ಎಲ್ಲರಿಗಿಂತ ಮುಂದೆ ನಡೆದೆ.

ಮೊದಲು ಸಮತಟ್ಟಾದ ಹುಲ್ಲುಗಾವಲು, ಒಂದು ಸೇತುವೆ, ಆಮೇಲೆ ಸ್ಕಾರ್ತ್ ಗ್ಯಾಪ್ ಎಂಬ ಕಣಿವೆಯ ಬಾಯಿಯವರೆಗೆ ಒಂದೇ ಸಮನೆ ಏರು. ಮಗ ಸುಸ್ತು ಅಂತ ಕೂರಲು ಶುರುಮಾಡಿದಾಗ ಅವರಪ್ಪ ಪದಗಳ ಆಟ ಹೂಡಿದರು. ಮಕ್ಕಳೇ, ಇದನ್ನು ನೀವೂ ಆಡಬಹುದು. ಮ್ಯಾಪಿನಲ್ಲಿರುವ ಒಂದು ಪದಕ್ಕೆ ಒಂದು ಕನ್ನಡ ಪದ. ಫೆಲ್ ಅಂದರೆ ಬೆಟ್ಟ. ಬೆಕ್ ಅಂದರೆ ಹಳ್ಳ. ಟಾರ್ನ್ ಅಂದರೆ ಬೆಟ್ಟದ ಮೇಲಿನ ಕೊಳ. ಕ್ರ್ಯಾಗ್ ಅಂದರೆ ಕಡಿದಾದ ಬಂಡೆ. ಫೆಲ್, ಬೆಕ್, ಟಾರ್ನ್ ಇವೆಲ್ಲ ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ಇಲ್ಲಿಗೆ ಬಂದು ನೆಲೆಸಿದ ನಾರ್ಸ್ ಜನರ ಮಾತಿನಿಂದ ಬಂದವು. ಸ್ಕಾರ್ತ್ ಕೂಡ ಅವರದೇ, ಅದರ ಅರ್ಥ ಬೆಟ್ಟಗಳ ನಡುವಿನ ಸಂದು. ಅಂದರೆ ಸ್ಕಾರ್ತ್ ಗ್ಯಾಪ್ ಎಂದರೆ 'ಸಂದು ಸಂದು'! ನಮ್ಮಲ್ಲಿ 'ನಡು ಸೆಂಟರ್' ಅನ್ನುತ್ತಾರಲ್ಲ, ಹಾಗೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ದಾರಿಯುದ್ದಕ್ಕೂ ಹರ್ಡ್‌ವಿಕ್ ಕುರಿಗಳು. ಇವುಗಳ ಮರಿ ಹುಟ್ಟುವಾಗ ಕಪ್ಪು, ದೊಡ್ಡದಾದಂತೆ ಬೂದು ಬಣ್ಣ. ಮಗ ಕೇಳಿದ, "ಮೇಲೆ ಬೇಲಿನೇ ಇಲ್ಲ, ಯಾಕೆ ಓಡಿ ಹೋಗಲ್ಲ?" ಆ ಕುರಿಗಳಿಗೆ ತಮ್ಮ ಬೆಟ್ಟದ ಪಾಲು ಯಾವುದು ಅಂತ ಗೊತ್ತಿರುತ್ತದೆ. ತಾಯಿಯ ಹಿಂದೆ ಓಡಾಡುತ್ತಲೇ ಮರಿ ಅದನ್ನು ಕಲಿಯುತ್ತದೆ, ಆ ಮರಿ ದೊಡ್ಡದಾಗಿ ತನ್ನ ಮರಿಗೆ ಕಲಿಸುತ್ತದೆ. ಇಲ್ಲಿನ ಕುರುಬರು ಇದಕ್ಕೆ ಹೆಫ್ಟ್ ಅನ್ನುತ್ತಾರೆ. ಒಮ್ಮೆ ಆ ಮಂದೆ ಬೆಟ್ಟದಿಂದ ಹೋಗಿಬಿಟ್ಟರೆ ಹೊಸ ಕುರಿಗಳಿಗೆ ಕಲಿಸುವುದು ಬಹಳ ಕಷ್ಟವಂತೆ.

ಸ್ಕಾರ್ತ್ ಗ್ಯಾಪ್‌ನಲ್ಲಿ ಕೂತು ಕೋಡುಬಳೆ ತಿಂದೆವು. ಒಂದು ಕಡೆ ಬಟರ್‌ಮಿಯರ್, ಇನ್ನೊಂದು ಕಡೆ ಎನ್ನರ್‌ಡೇಲ್ ಕಣಿವೆ. ಅಲ್ಲಿಂದ ಎಡಕ್ಕೆ ತಿರುಗಿದರೆ ಬಂಡೆಗಳು ಶುರು. ಮನೆಯವರು ಎಲ್ಲರನ್ನೂ ನಿಲ್ಲಿಸಿ ಮೂರು ನಿಯಮ ಹೇಳಿದರು. ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಯಾವಾಗಲೂ ಬಂಡೆಯ ಮೇಲೆ ಇರಬೇಕು, ಒಂದನ್ನು ಮಾತ್ರ ಎತ್ತಬೇಕು. ಹಿಡಿದ ಕಲ್ಲು ಅಲ್ಲಾಡುತ್ತದೆಯೇ ಅಂತ ನೋಡಿ ಆಮೇಲೆ ಭಾರ ಬಿಡಬೇಕು. ಹತ್ತುವಾಗ ಹಿಂದೆ ಒಬ್ಬರು ದೊಡ್ಡವರು ಇರಬೇಕು. ಮುಂದೆ ಅವರು ಮತ್ತು ಮಗ, ಆಮೇಲೆ ಮಗಳು, ಕೊನೆಗೆ ನಾನು.

ಮೊದಲ ಎರಡು ಬಂಡೆ ದಾಟಿದೆ. ಮೂರನೆಯದು ನನ್ನ ಎದೆಯುದ್ದಕ್ಕಿಂತ ಸ್ವಲ್ಪ ಎತ್ತರ, ಸಾವಿರಾರು ಬೂಟುಗಳು ಉಜ್ಜಿ ನುಣುಪಾದದ್ದು. ಬಲಗೈಗೆ ಒಳ್ಳೆಯ ಹಿಡಿತ ಸಿಕ್ಕಿತು. ಎಡಗಾಲು ಒಂದು ಬಿರುಕಿನಲ್ಲಿ ನಿಂತಿತು. ಆಗ ಮಾಡಬಾರದ ಕೆಲಸ ಮಾಡಿದೆ. ಹಿಂದಕ್ಕೆ ತಿರುಗಿ ಕೆಳಗೆ ನೋಡಿದೆ. ಬಟರ್‌ಮಿಯರ್ ಸರೋವರ ನನ್ನ ಬೂಟಿನ ಹಿಮ್ಮಡಿಯ ಕೆಳಗೇ ಇದ್ದ ಹಾಗೆ ಕಂಡಿತು. ಬಂಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಕೆನ್ನೆಗೆ ಕಲ್ಲಿನ ತಣ್ಣಗೆ. ಆ ಬಿಳಿ ಶಿಲುಬೆ ಕಣ್ಣಮುಂದೆ ಬಂತು. ಬಲಗಾಲು ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು, ಮಂಡಿ ನಡುಗುತ್ತಿತ್ತು.

ಕೆಳಗೆ ನಾಯಿ ಹಿಡಿದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತು ತುಂಬಾ ಸಮಾಧಾನದಿಂದ, ಎರಡು ಸಲ, ಕಾಲು ಎಲ್ಲಿಡಬೇಕು ಅಂತ ಹೇಳಿದರು. ನಾನು ದಿನಕ್ಕೆ ಎಂಟು ಗಂಟೆ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಕೆಲಸ ಮಾಡುವವಳು. ಅವರ ದನಿ ಕೇಳಿಸುತ್ತಿತ್ತು, ಅರ್ಥ ಮಾತ್ರ ತಲೆಗೆ ಇಳಿಯಲಿಲ್ಲ. ಮನೆಯವರು ಮೇಲಿದ್ದರು, ಮಗನ ಕೈ ಬಿಟ್ಟು ಬರುವ ಹಾಗಿರಲಿಲ್ಲ. ಆಗ ನನ್ನ ಬಾಯಿಂದ ಬಂದಿದ್ದು ಒಂದೇ ಮಾತು. "ನಂಗೆ ಭಯ ಆಗ್ತಿದೆ."

ಮಗಳು ಪಕ್ಕದ ಅಗಲವಾದ ಬಂಡೆಯ ಮೇಲೆ ಕೂತು ನನ್ನ ಕಾಲನ್ನೇ ನೋಡುತ್ತಿದ್ದಳು. ಒಂದು ಕ್ಷಣ ಸುಮ್ಮನಿದ್ದು ಶುರುಮಾಡಿದಳು. "ಅಮ್ಮಾ, ಬಂಡೆಯಿಂದ ಸ್ವಲ್ಪ ಹಿಂದೆ ಬಾ. ಅಪ್ಪಿಕೋಬೇಡ. ಅಪ್ಪಿಕೊಂಡ್ರೆ ಕಾಲು ಕಾಣಲ್ಲ." ಕೈ ಸ್ವಲ್ಪ ಸಡಿಲವಾಯಿತು. "ಹಾಂ, ಹಾಗೇ. ಕೈ ಬಿಡ್ಬೇಡ. ಈಗ ನಿನ್ನ..." ಅವಳಿಗೆ 'ಬಲ' ಅನ್ನೋ ಪದ ಮರೆತುಹೋಯಿತು. "ನಿನ್ನ ಊಟದ ಕಾಲು! ಊಟದ ಕಾಲು ಮೇಲೆ ಇಡು. ಇನ್ನೂ ಮೇಲೆ. ಅಲ್ಲೊಂದು ಗೂಡಿದೆ."

ಊಟದ ಕಾಲು! ಆ ಸ್ಥಿತಿಯಲ್ಲೂ ನನಗೆ ನಗು ಬಂತು. ನಕ್ಕ ತಕ್ಷಣ ಅಷ್ಟು ಹೊತ್ತಿನಿಂದ ಹಿಡಿದಿದ್ದ ಉಸಿರು ಹೊರಗೆ ಬಂತು. ಕಾಲು ಮೇಲೆತ್ತಿದೆ. ನಿಜವಾಗಿ ಅಲ್ಲೊಂದು ಗೂಡಿತ್ತು, ದೇವರ ದೀಪ ಇಡುವ ಗೂಡಿನಷ್ಟು. "ತಡಿ. ಈಗ ಭಾರ ಹಾಕು. ಎದ್ದೇಳು." ಎದ್ದೆ. ಎರಡೇ ಹೆಜ್ಜೆಯಲ್ಲಿ ಅವಳ ಪಕ್ಕ ಕೂತಿದ್ದೆ. ಕೆಳಗಿನ ಹಿರಿಯರು ಚಪ್ಪಾಳೆ ತಟ್ಟಿದರು, ನಾಯಿ ಬೊಗಳಿತು.

ಸುಧಾರಿಸಿಕೊಂಡ ಮೇಲೆ ಮಗಳನ್ನು ಕೇಳಿದೆ, "ಯಾಕೆ ಕನ್ನಡದಲ್ಲಿ ಹೇಳ್ದೆ?" ಅವಳು ಭುಜ ಕುಣಿಸಿದಳು. "ಆ ಅಂಕಲ್ ಇಂಗ್ಲಿಷಲ್ಲಿ ಹೇಳಿದ್ದು ನಿಂಗೆ ಕೇಳಿಸ್ಲೇ ಇಲ್ಲ. ನೀನು ಭಯ ಅಂತ ಕನ್ನಡದಲ್ಲಿ ಹೇಳಿದ್ಯಲ್ಲ, ಅದಕ್ಕೆ." ಆಮೇಲೆ ಸ್ವಲ್ಪ ತಡೆದು, "ನಿಂಗೆ ಭಯ ಆಗುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಂಗೂ ಆ ಬಂಡೇಲಿ ಭಯ ಆಗಿತ್ತು. ನೀನು ಏನಂತೀಯೋ ಅಂತ ಹೇಳ್ಲಿಲ್ಲ" ಅಂದಳು.

ಪೋಷಕರೇ, ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ನಾನು ಭಯ ಮುಚ್ಚಿಟ್ಟರೆ ಮಕ್ಕಳಿಗೆ ಧೈರ್ಯ ಬರುತ್ತದೆ ಅಂದುಕೊಂಡಿದ್ದೆ. ಅವಳು ಕಲಿತದ್ದು ಭಯ ಮುಚ್ಚಿಡುವುದನ್ನು. ಬೆಟ್ಟದ ಮೇಲೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಹೆದರಿದ ಮಗು ಬಾಯಿಬಿಟ್ಟು ಹೇಳಿದರೆ ನಿಲ್ಲಬಹುದು, ಬೇರೆ ದಾರಿ ನೋಡಬಹುದು, ವಾಪಸ್ ಹೋಗಬಹುದು. ಹೇಳದೆ ಹತ್ತಿದರೆ ಏನೂ ಮಾಡಲಾಗುವುದಿಲ್ಲ. ಅಲ್ಲಿಂದ ಮುಂದೆ ಪ್ರತಿ ಬಂಡೆಯ ಹತ್ತಿರ "ಯಾರಿಗೆ ಭಯ?" ಅಂತ ಕೇಳಿದೆವು. ಮಗ ಪ್ರತಿ ಸಲ ಕೈ ಎತ್ತಿದ, ಆಮೇಲೆ ಎಲ್ಲರಿಗಿಂತ ಬೇಗ ಹತ್ತಿದ.

ತುದಿ ಒಂದು ಚಿಕ್ಕ ಬಂಡೆಯ ಏಣು, ಪಕ್ಕದಲ್ಲೇ ಪುಟ್ಟ ನೀರಿನ ಹೊಂಡ. ಬಟರ್‌ಮಿಯರ್, ಅದರಾಚೆ ಕ್ರಮಕ್ ವಾಟರ್, ಇನ್ನೊಂದು ಕಡೆ ಗ್ರೇಟ್ ಗೇಬಲ್. ನಾವು ಕೂತಿದ್ದ ಬಂಡೆ ಸುಮಾರು 45 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿಯಿಂದ ಹುಟ್ಟಿದ್ದು. ನಮ್ಮ ಮಧುಗಿರಿ ಕಡೆಯ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು ಅಂದಾಗ ಮಗ, "ಹಾಗಾದ್ರೆ ಅಜ್ಜಿ ಊರಿನ ಬೆಟ್ಟ ಇದಕ್ಕೆ ಅಜ್ಜಿ" ಅಂದ. ಚಿತ್ರಾನ್ನ ಅಷ್ಟು ರುಚಿಯಾಗಿ ನಾನು ಇನ್ನೆಲ್ಲೂ ತಿಂದಿಲ್ಲ.

ಅಲ್ಲಿಂದ ಮುಂದೆ ಇನಾಮಿನೇಟ್ ಟಾರ್ನ್. ಹೆಸರಿನ ಅರ್ಥವೇ 'ಹೆಸರಿಲ್ಲದ್ದು'. ಲೇಕ್ ಡಿಸ್ಟ್ರಿಕ್ಟ್‌ನ 214 ಬೆಟ್ಟಗಳನ್ನು ಹತ್ತಿ, ಕೈಯಲ್ಲೇ ಬರೆದು ಚಿತ್ರ ಬಿಡಿಸಿ, 1955ರಿಂದ 1966ರವರೆಗೆ ಏಳು ಪುಸ್ತಕ ಹೊರತಂದ ಆಲ್ಫ್ರೆಡ್ ವೇನ್‌ರೈಟ್ ಅವರಿಗೆ ಈ ಜಾಗ ಅಚ್ಚುಮೆಚ್ಚು. ಅವರು 1991ರಲ್ಲಿ ತೀರಿಕೊಂಡಾಗ ಅವರ ಬೂದಿಯನ್ನು ಈ ಕೊಳದ ದಡದಲ್ಲೇ ಹರಡಿದರು. ಮಕ್ಕಳು ಬೂಟು ಬಿಚ್ಚಿ ಕಾಲು ಇಳಿಬಿಟ್ಟರು. ಹೆಸರಿಲ್ಲದ ಕೊಳಕ್ಕೆ ಕನ್ನಡದ ಹೆಸರಿಡಬೇಕು ಅಂತ ಮಗ ಹಟ ಹಿಡಿದ. ಬಹಳ ಚರ್ಚೆಯಾಗಿ 'ತಣ್ಣೀರು ಕೊಳ' ಎಂದು ತೀರ್ಮಾನವಾಯಿತು. ಕಾಲಿಟ್ಟವರಿಗೆ ಯಾಕೆಂದು ಗೊತ್ತಾಗುತ್ತದೆ.

ಬ್ಲ್ಯಾಕ್‌ಬೆಕ್ ಟಾರ್ನ್ ದಾಟಿ, ಹಳೆಯ ಕಲ್ಲುಗಣಿಯ ದಾರಿಯಲ್ಲಿ ವಾರ್ನ್‌ಸ್ಕೇಲ್ ಕಣಿವೆಗೆ ಇಳಿದೆವು. ಸಂಜೆ ಕಾರಿನ ಹತ್ತಿರದಿಂದ ಊರಿಗೆ ಫೋಟೋ ಕಳಿಸಿದೆ. ಅಲ್ಲಿ ಆಗಲೇ ರಾತ್ರಿ, ಆದರೂ ಅಮ್ಮ ತಕ್ಷಣ ಫೋನ್ ಮಾಡಿದರು. "ಮನೆ ಮುಂದಿನ ಬೆಟ್ಟ ಹತ್ತಲಿಲ್ಲ, ಅಷ್ಟು ದೂರ ಹೋಗಿ ಹತ್ತಿದ್ಯೇನೇ?" ನಾನು ಉತ್ತರ ಹುಡುಕುವಷ್ಟರಲ್ಲಿ ಮಗಳು ಫೋನ್ ಕಿತ್ತುಕೊಂಡಳು. "ಅಜ್ಜಿ, ಮುಂದಿನ ಸಲ ಬಂದಾಗ ನಾನು ಅಮ್ಮನ್ನ ಹತ್ತಿಸ್ತೀನಿ." ಅಜ್ಜಿ ಒಂದು ಕ್ಷಣ ಸುಮ್ಮನಾಗಿ, "ಹುಷಾರಾಗಿ ಹತ್ತಿಸವ್ವ" ಅಂದರು. ಜಾರಿ ಬಿದ್ದರೆ ಅಂತ ಕೇಳಲಿಲ್ಲ.

ನೀವೂ ಹೋಗುವುದಾದರೆ ಕೆಲವು ಮಾತು.

ಸಮಯ: 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬುವರು ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ. 5 ಕಿಲೋಮೀಟರ್‌ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿ ಸುಮಾರು 8 ಕಿಲೋಮೀಟರ್, ಏರು ಸುಮಾರು 500 ಮೀಟರ್. ಲೆಕ್ಕದ ಪ್ರಕಾರ ಎರಡೂವರೆ ಗಂಟೆ. ನಮಗೆ ಹಿಡಿದದ್ದು ಆರು ಗಂಟೆ. ಮಕ್ಕಳಿದ್ದರೆ ಲೆಕ್ಕದ ಎರಡರಷ್ಟು ಇಟ್ಟುಕೊಳ್ಳಿ.

ಸಾಮಾನು: ಹಿಡಿತವಿರುವ ಬೂಟು, ಮಳೆಯ ಜಾಕೆಟ್, ಒಂದು ಹೆಚ್ಚಿನ ಸ್ವೆಟರ್, ಟಾರ್ಚ್, ಸೀಟಿ, ಕಾಗದದ ಮ್ಯಾಪ್. ಈ ಭಾಗಕ್ಕೆ ಆರ್ಡನೆನ್ಸ್ ಸರ್ವೆಯ ಒಎಲ್ 4. ಕೆಳಗೆ ಬಿಸಿಲಿದ್ದರೂ ಮೇಲೆ ಚಳಿ ಇರುತ್ತದೆ. ಹೊರಡುವ ಮುನ್ನ ಬೆಟ್ಟಗಳಿಗೆಂದೇ ಮೆಟ್ ಆಫೀಸ್ ಕೊಡುವ ಹವಾಮಾನ ನೋಡಿ. ಬಂಡೆ ಒದ್ದೆಯಾಗಿದ್ದರೆ ಇನ್ನೊಂದು ದಿನ ಹೋಗಿ.

ಅಪಾಯವಾದರೆ: 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಿ. ಬರುವವರು ಸ್ವಯಂಸೇವಕರು, ಹಣ ತೆಗೆದುಕೊಳ್ಳುವುದಿಲ್ಲ. ಫೋನ್ ಸಿಗದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ.

ಕಿತ್ತಳೆ ಸಿಪ್ಪೆ, ಕರಿಬೇವು, ಟಿಶ್ಯೂ ಎಲ್ಲವನ್ನೂ ಡಬ್ಬಿಯಲ್ಲೇ ವಾಪಸ್ ತನ್ನಿ.

ಮಗಳ ವಿಷಯ ಏನಾಯಿತು ಅಂತ ಕೇಳುತ್ತೀರಾ? ಕನ್ನಡ ಶಾಲೆ ಬಿಡುತ್ತೇನೆ ಅನ್ನುವುದನ್ನು ಅವಳು ಇನ್ನೂ ಬಿಟ್ಟಿಲ್ಲ. ಹೋದ ಶನಿವಾರವೂ ಅಂದಳು. ಆದರೆ ಯಾರ ಹತ್ತಿರ ಮಾತಾಡೋಕೆ ಅಂತ ಮಾತ್ರ ಈಗ ಕೇಳುವುದಿಲ್ಲ. ಕಾರಿನಲ್ಲಿ ಕೂತು, "ಊಟದ ಕಾಲಲ್ಲಿ ಆಕ್ಸಿಲರೇಟರ್ ಒತ್ತು ಅಮ್ಮಾ, ಲೇಟಾಯ್ತು" ಅಂದಳು.

ಮಕ್ಕಳೇ, ಈ ಸಲದ ಬೇಸಿಗೆ ರಜೆಯಲ್ಲಿ ನಿಮ್ಮ ಅಪ್ಪ ಅಮ್ಮನನ್ನು ಒಂದು ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಅವರಿಗೆ ಭಯವಾದರೆ ಕನ್ನಡದಲ್ಲಿ ಹೇಳಿಕೊಡಿ.